ಪರಿಸರ ಸೇವಾ ಸಂಸ್ಥೆಯಲ್ಲಿ ಬರವಣಿಗೆ ಇಂಟರ್ನ್‌ಶಿಪ್: ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಮನೆಯ ಕಸ ಎತ್ತುವುದು, ಒಣ ಕಸ ವಿಂಗಡಿಸುವುದು, ಗೊಬ್ಬರ ಮಾಡುವುದು, ಕೊಳಚೆ ನೀರು ಶುದ್ಧ ಮಾಡುವುದು, ಗಾಳಿ–ನೀರು ಪರೀಕ್ಷಿಸಿ ಕೊಡುವುದು. ಇಂಥ ಕೆಲಸದ ಸಂಸ್ಥೆಗಳಿಗೆ ಬರೆಯುವವರೂ ಬೇಕಾಗುತ್ತಾರೆ. ಕರ್ನಾಟಕದಲ್ಲಿ ಅಂಥ ಕಡೆ ಇಂಟರ್ನ್ ಆಗಿ ಸೇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಬೆಂಗಳೂರಿನ ಉದಾಹರಣೆಗಳು ಜಾಸ್ತಿ ಇವೆ, ಆದರೆ ಕೆಲಸದ ರೀತಿ ಬೇರೆ ಊರಿಗೂ ಹೊಂದುತ್ತದೆ.

ಅಲ್ಲಿ ನಿಜಕ್ಕೂ ಏನು ಬರೆಯಿಸುತ್ತಾರೆ?

ಭೂಮಿತಾಯಿಯ ಗೋಳು, ಹಸಿರೇ ಉಸಿರು, ಇವೆರಡನ್ನು ಮೊದಲ ದಿನವೇ ಬಿಟ್ಟುಬಿಡಿ. ಬರೆಯಬೇಕಾದ್ದು ಹೀಗಿರುತ್ತದೆ: ಹೊಸ ಬಡಾವಣೆಗೆ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂಬ ಚೀಟಿ, ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಅಂಟಿಸುವ ಭಿತ್ತಿಪತ್ರ, ಗೊಬ್ಬರದ ಡಬ್ಬದ ಜೊತೆ ಕೊಡುವ ಎರಡು ಪುಟದ ಕೈಪಿಡಿ, ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವ ನಾಲ್ಕು ಸಾಲು, ತಿಂಗಳ ವರದಿ, ದೇಣಿಗೆ ಕೊಟ್ಟವರಿಗೆ ಒಂದು ಪುಟದ ಲೆಕ್ಕ. ಎಂಟು ವಾರದಲ್ಲಿ ಒಂದೋ ಎರಡೋ ಉದ್ದ ಲೇಖನ ಸಿಕ್ಕರೆ ನಿಮ್ಮ ಪುಣ್ಯ.

ಈ ಎಲ್ಲಕ್ಕೂ ಒಂದೇ ಅಳತೆಗೋಲು: ಓದಿದವರ ಕೈ ಏನು ಮಾಡಿತು? ಹಾಲಿನ ಪ್ಯಾಕೆಟ್ ಹಿಡಿದು ನಿಂತವರು ನಿಮ್ಮ ಚೀಟಿ ಓದಿದ ಮೇಲೂ ಅದನ್ನು ಹಸಿ ಕಸದ ಡಬ್ಬಕ್ಕೇ ಹಾಕಿದರೆ, ಭಾಷೆ ಎಷ್ಟು ಚೆಂದವಿದ್ದರೂ ಬರವಣಿಗೆ ಕೆಟ್ಟಿದೆ ಅಂತಲೇ ಲೆಕ್ಕ.

ವಿಜ್ಞಾನ ಓದಿರಲೇಬೇಕೇ?

ಬೇಡ. ಪತ್ರಿಕೋದ್ಯಮ, ಕನ್ನಡ ಎಂ.ಎ., ಸಮಾಜಕಾರ್ಯ, ಬಿ.ಕಾಂ., ಯಾವುದಾದರೂ ನಡೆಯುತ್ತದೆ. ಶೇಕಡಾ ಲೆಕ್ಕ ತಪ್ಪಿಲ್ಲದೆ ಬರಬೇಕು. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಇರಬಾರದು. ಇವೆರಡು ಇದ್ದರೆ ಉಳಿದದ್ದು ಮೂರು ವಾರದಲ್ಲಿ ಬರುತ್ತದೆ.

ಸೇರುವ ಮೊದಲು ಊರಿನ ಕಸದ ಚರಿತ್ರೆಯನ್ನಷ್ಟು ಓದಿಕೊಳ್ಳಿ. ಬೆಂಗಳೂರಾದರೆ ನಗರದ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರು ಎಂಬ ಎರಡು ಹಳ್ಳಿಗಳ ಹೆಸರು ಗೊತ್ತಿರಲೇಬೇಕು. ಹಳ್ಳಿಯವರ ಹೋರಾಟದಿಂದ 2012ರಲ್ಲಿ ಮಾವಳ್ಳಿಪುರಕ್ಕೆ ಕಸದ ಲಾರಿ ಹೋಗುವುದು ನಿಂತಿತು, 2014ರ ಕೊನೆಗೆ ಮಂಡೂರಿಗೂ ನಿಂತಿತು. ಮನೆಯಲ್ಲೇ ಕಸ ಬೇರೆ ಮಾಡಿ ಅಂತ ನಗರ ಒತ್ತಾಯಿಸಲು ಶುರು ಮಾಡಿದ್ದು ಈ ಇಕ್ಕಟ್ಟಿನಿಂದ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ‘ಎರಡು ಡಬ್ಬ, ಒಂದು ಚೀಲ’ ಪದ್ಧತಿ (ಹಸಿಗೂ ಪ್ಯಾಡ್, ಡೈಪರಿನಂಥ ಕಸಕ್ಕೂ ಒಂದೊಂದು ಡಬ್ಬ, ಒಣಕ್ಕೆ ಚೀಲ) ಕೂಡ ಇದರ ಮುಂದುವರಿಕೆಯೇ. ಇದು ಗೊತ್ತಿದ್ದರೆ ‘ಜನರಲ್ಲಿ ಜಾಗೃತಿ ಮೂಡಬೇಕಿದೆ’ ಎಂಬ ಸವಕಲು ಸಾಲನ್ನು ಬರೆಯಲು ನಿಮಗೇ ಮುಜುಗರವಾಗುತ್ತದೆ.

ಅರ್ಜಿಯ ಜೊತೆ ಎಂಥ ಮಾದರಿ ಬರಹ ಕಳಿಸಬೇಕು?

ಕಾಲೇಜು ಪತ್ರಿಕೆಯ ಪ್ರಬಂಧ ಬೇಡ. ನಿಮ್ಮ ಬೀದಿಯ ಮೂಲೆಯಲ್ಲಿ ಎಲ್ಲರೂ ಕಸ ಎಸೆಯುವ ಜಾಗವಿದ್ದರೆ, ಪಾಲಿಕೆಯವರು ಬ್ಲ್ಯಾಕ್ ಸ್ಪಾಟ್ ಅನ್ನುತ್ತಾರಲ್ಲ ಅಂಥದ್ದು, ಎರಡು ದಿನ ಬೆಳಿಗ್ಗೆ, ಎರಡು ದಿನ ರಾತ್ರಿ ಅಲ್ಲಿ ನಿಂತು ನೋಡಿ. ಯಾರು ಎಸೆಯುತ್ತಾರೆ, ಎಷ್ಟು ಹೊತ್ತಿಗೆ, ಏನನ್ನು, ಗಾಡಿ ಬರುವುದು ಯಾವಾಗ? 400 ಪದದಲ್ಲಿ ಬರೆಯಿರಿ. ಗಾಡಿ ಬರುವ ಮುಂಚೆ ಕೆಲಸಕ್ಕೆ ಹೊರಡುವವರು ಎಸೆಯುತ್ತಿದ್ದಾರೋ, ಗಾಡಿಯೇ ಹೋಗದ ಓಣಿಯವರು ತಂದು ಸುರಿಯುತ್ತಿದ್ದಾರೋ ಎಂಬ ವ್ಯತ್ಯಾಸ ಹಿಡಿದವರಿಗೆ ಸಂದರ್ಶನದಲ್ಲಿ ಹೆಚ್ಚು ಪ್ರಶ್ನೆ ಬರುವುದಿಲ್ಲ. ಜೊತೆಗೆ, ಇಂಗ್ಲಿಷಿನ ಒಂದು ಸುತ್ತೋಲೆಯನ್ನು ಮನೆಯವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದು ಕಳಿಸಿ.

ಎಷ್ಟು ದಿನ? ಕಾಲೇಜಿಗೆ ಕ್ರೆಡಿಟ್ ಲೆಕ್ಕ ಹೇಗೆ?

ಯುಜಿಸಿ ಮಾರ್ಗಸೂಚಿಯ ಪ್ರಕಾರ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್‌ಗೆ 30 ಗಂಟೆ. ಪದವಿಯವರಿಗೆ 2ರಿಂದ 4 ಕ್ರೆಡಿಟ್, ಅಂದರೆ 60ರಿಂದ 120 ಗಂಟೆ. ನಿಮ್ಮ ವಿಶ್ವವಿದ್ಯಾಲಯದ ಲೆಕ್ಕ ಬೇರೆ ಇರಬಹುದು, ವಿಭಾಗದಲ್ಲಿ ಕೇಳಿ ಬರಹದಲ್ಲಿ ಪಡೆಯಿರಿ. ಬರವಣಿಗೆಯ ಕೆಲಸ ಕಲಿಯಲು 60 ಗಂಟೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಅರ್ಧ ಹೊತ್ತು ಸ್ಥಳ ನೋಡುವುದಕ್ಕೇ ಹೋಗುತ್ತದೆ.

ಹಾಜರಿ ಪುಸ್ತಕವನ್ನು ನೀವೇ ಇಟ್ಟುಕೊಳ್ಳಿ: ದಿನಾಂಕ, ಎಷ್ಟರಿಂದ ಎಷ್ಟರವರೆಗೆ, ಎಲ್ಲಿ, ಏನು ಮಾಡಿದಿರಿ, ಮೇಲ್ವಿಚಾರಕರ ಸಹಿ. ಸಹಿಯನ್ನು ವಾರಕ್ಕೊಮ್ಮೆ ಹಾಕಿಸಿ. ಕೊನೇ ದಿನ ಎಂಟು ವಾರದ್ದನ್ನು ಒಟ್ಟಿಗೆ ಹಾಕಿಸಲು ಹೋದಾಗ ಆ ಮೇಲ್ವಿಚಾರಕರು ರಜೆಯಲ್ಲಿರುತ್ತಾರೆ.

ಸ್ಟೈಪೆಂಡ್ ಕೊಡುತ್ತಾರೆಯೇ?

ಕೆಲವರು ಕೊಡುತ್ತಾರೆ, ಕೆಲವರು ಓಡಾಟದ ಖರ್ಚಷ್ಟೇ ಕೊಡುತ್ತಾರೆ. ಸೇರುವ ಪತ್ರದಲ್ಲಿ ಮೊತ್ತ, ಕೊಡುವ ದಿನ, ಸ್ಥಳಕ್ಕೆ ಹೋಗುವ ಆಟೋ–ಬಸ್ಸಿನ ಖರ್ಚು ಯಾರದು ಎಂಬ ಮೂರನ್ನೂ ಬರೆಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಊರಾಚೆಯ ಘಟಕಕ್ಕೆ ಹೋಗಬೇಕಾದಾಗ ಬಸ್ಸು ಸಿಗುವುದಿಲ್ಲ.

ಸ್ಥಳಕ್ಕೆ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು? ಯಾವ ಎಚ್ಚರಿಕೆ ಬೇಕು?

ಪಾದ ಪೂರ್ತಿ ಮುಚ್ಚುವ, ದಪ್ಪ ಅಡಿಯ ಶೂ. ಚಪ್ಪಲಿಯಲ್ಲಿ ಬಂದವರನ್ನು ಒಳಗೆ ಬಿಡಬಾರದು. ವಿಂಗಡಣೆ ನೆಲದ ಮೇಲೆ ಸೂಜಿ, ಬ್ಲೇಡು, ಒಡೆದ ಟ್ಯೂಬ್‌ಲೈಟ್ ಇದ್ದೇ ಇರುತ್ತವೆ. ಟಿಟಿ ಇಂಜೆಕ್ಷನ್ ಹಾಕಿಸಿ ಬಹಳ ವರ್ಷವಾಗಿದ್ದರೆ ವೈದ್ಯರನ್ನು ಕೇಳಿ ಹಾಕಿಸಿಕೊಂಡೇ ಹೋಗಿ. ಮಾಸ್ಕ್, ನೀರಿನ ಬಾಟಲಿ, ಸಣ್ಣ ನೋಟ್‌ಬುಕ್ ಮತ್ತು ಪೆನ್ಸಿಲ್ ಇರಲಿ. ಮಳೆಗಾಲದಲ್ಲಿ ಪೆನ್ನಿನ ಬರಹ ಅಳಿಸಿಹೋಗುತ್ತದೆ.

ಕೊಳಚೆ ನೀರಿನ ಘಟಕದಲ್ಲಿ ಮುಚ್ಚಳ ತೆರೆದ ತೊಟ್ಟಿ ಅಥವಾ ಮ್ಯಾನ್‌ಹೋಲಿನೊಳಗೆ ಫೋಟೋಕ್ಕೆಂದು ಬಗ್ಗಲೇಬೇಡಿ. ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದ ಹಾಗಾಗುತ್ತದೆ. ವಾಸನೆ ಹೋಯಿತು, ಅಪಾಯ ಕಳೆಯಿತು ಅಂದುಕೊಂಡ ಕ್ಷಣವೇ ಅಪಾಯದ್ದು.

ಹೊತ್ತು ಕೂಡ ಮುಖ್ಯ. ಆಟೋ ಟಿಪ್ಪರ್ ಬೀದಿಗೆ ಬರುವುದು ಬೆಳಿಗ್ಗೆ. ಹತ್ತು ಗಂಟೆಗೆ ಹೋದವರಿಗೆ ಕಾಣುವುದು ತೊಳೆದು ನಿಲ್ಲಿಸಿದ ಗಾಡಿ.

ಪೌರಕಾರ್ಮಿಕರನ್ನು, ವಿಂಗಡಣೆ ಮಾಡುವವರನ್ನು ಹೇಗೆ ಮಾತಾಡಿಸಬೇಕು?

ಅಕ್ಕ, ಅಣ್ಣ, ಅಮ್ಮ ಎಂದು, ಬಹುವಚನದಲ್ಲಿ. ಅವರು ‘ನೀನು’ ಅಂದರೂ ನೀವು ‘ನೀವು’ ಅನ್ನಿ. ಗಾಡಿ ನಿಲ್ಲಿಸಿ ಮಾತಿಗೆಳೆಯಬೇಡಿ, ಆ ಹತ್ತು ನಿಮಿಷ ತಡವಾದದ್ದಕ್ಕೆ ಬೈಸಿಕೊಳ್ಳುವವರು ಅವರು. ಕೆಲಸ ಮುಗಿದ ಮೇಲೆ ಟೀ ಕುಡಿಯುವ ಹೊತ್ತಿಗೆ ಹೋಗಿ.

‘ನಿಮಗೆ ಏನು ಕಷ್ಟ?’ ಎಂದು ಕೇಳಿದರೆ ‘ಏನಿಲ್ಲಮ್ಮ, ನಡೀತಿದೆ’ ಅನ್ನುತ್ತಾರೆ. ‘ಇವತ್ತು ಯಾವ ಮನೆಯವರು ಎರಡೂ ಬೆರೆಸಿ ಕೊಟ್ಟರು? ಅದನ್ನು ಏನು ಮಾಡಿದಿರಿ?’ ಎಂದು ಕೇಳಿದರೆ ಕಾಲು ಗಂಟೆ ಮಾತು ಸಿಗುತ್ತದೆ. ‘ಕಸದವರು’ ಎಂದು ಬರೆಯಬೇಡಿ. ಕಸ ನಮ್ಮದು, ಅವರು ಎತ್ತುವವರು. ಪೌರಕಾರ್ಮಿಕರು, ಗಾಡಿ ಚಾಲಕರು, ಒಣ ಕಸ ವಿಂಗಡಿಸುವವರು, ಗುಜರಿ ಅಂಗಡಿಯವರು, ಹೀಗೆ ಕೆಲಸದ ಹೆಸರಿನಿಂದಲೇ ಕರೆಯಿರಿ.

ಕರಪತ್ರದ ಭಾಷೆ ಹೇಗಿರಬೇಕು? ಒಂದು ಉದಾಹರಣೆ ಕೊಡಿ.

ಸಂಸ್ಥೆಗಳಿಂದ ಮೊದಲು ಬರುವ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

‘ನಾಗರಿಕರು ತಮ್ಮ ಗೃಹಗಳಲ್ಲಿ ಉತ್ಪತ್ತಿಯಾಗುವ ಘನತ್ಯಾಜ್ಯವನ್ನು ಮೂಲದಲ್ಲಿಯೇ ಜೈವಿಕ ವಿಘಟನೀಯ ಹಾಗೂ ಅವಿಘಟನೀಯವಾಗಿ ವಿಂಗಡಿಸಿ ವಿಲೇವಾರಿಗೊಳಿಸತಕ್ಕದ್ದು.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾವ ಡಬ್ಬ, ಯಾವ ಚೀಲ, ಯಾವಾಗ ಎಂಬ ಮೂರಕ್ಕೂ ಉತ್ತರವಿಲ್ಲ. ‘ವಿಲೇವಾರಿ’ ಅಂದರೆ ಎಲ್ಲಿಗೆ? ತಿದ್ದಿದ ಮೇಲೆ ಹೀಗಾಗುತ್ತದೆ:

‘ಅಡುಗೆಮನೆ ಕಸ ಒಂದು ಡಬ್ಬದಲ್ಲಿ. ಕವರ್ ಬೇಡ, ತಳಕ್ಕೆ ಹಳೇ ಪೇಪರ್ ಸಾಕು. ಪ್ಲಾಸ್ಟಿಕ್, ಪೇಪರ್, ಬಾಟಲಿ, ಡಬ್ಬ ಒಂದು ಚೀಲದಲ್ಲಿ. ಪ್ಯಾಡ್, ಡೈಪರ್ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಬಲ್ಬ್, ಔಷಧಿ, ಪೇಂಟ್ ಡಬ್ಬ ಯಾವುದಕ್ಕೂ ಬೆರೆಸದೆ ಬೇರೆ ಇಡಿ. ಗಾಡಿ ಬೆಳಿಗ್ಗೆ 7ಕ್ಕೆ.’

ಇಲ್ಲಿ ‘ಕವರ್’ ಎಂಬ ಮಾತನ್ನು ಗಮನಿಸಿ. ‘ಪ್ಲಾಸ್ಟಿಕ್ ಕೈಚೀಲ’ ಎಂದು ಯಾರೂ ಅನ್ನುವುದಿಲ್ಲ. ಹಸಿ ಕಸವನ್ನು ಕವರಿನಲ್ಲಿ ಕಟ್ಟಿ ಕೊಟ್ಟರೆ ಗೊಬ್ಬರದ ಘಟಕದಲ್ಲಿ ಒಂದೊಂದನ್ನೂ ಕೈಯಲ್ಲಿ ಹರಿದು ಸುರಿಯಬೇಕು. ಹರಿಯದೆ ಬಿಟ್ಟದ್ದು ಒಳಗೇ ಕೊಳೆತು, ತುಂಡಾದ ಪ್ಲಾಸ್ಟಿಕ್ ಗೊಬ್ಬರದಲ್ಲಿ ಸೇರುತ್ತದೆ. ‘ಕವರ್ ಬೇಡ’ ಎಂಬ ಎರಡು ಪದಕ್ಕೆ ಅಷ್ಟು ಬೆಲೆಯಿದೆ. ಹಾಗೆಯೇ ಹಾಲಿನ ಪ್ಯಾಕೆಟ್: ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ, ಅಂಟಿಕೊಂಡಿರಲಿ ಎಂದು ಬರೆಯಬೇಕು. ಉಗುರಿನಷ್ಟಗಲದ ಆ ಚೂರು ವಿಂಗಡಿಸುವವರ ಕೈಗೆ ಸಿಗುವುದಿಲ್ಲ, ನೇರ ಚರಂಡಿಗೆ ಹೋಗುತ್ತದೆ.

ಬರೆದದ್ದು ತಿಳಿಯುತ್ತದೋ ಇಲ್ಲವೋ ಎಂದು ಹೇಗೆ ಪರೀಕ್ಷಿಸುವುದು?

ಮೇಜಿನ ಮೇಲೆ ಎಂಟು ವಸ್ತು ಇಡಿ: ಟೀ ಚರಟ, ಮೊಟ್ಟೆ ಸಿಪ್ಪೆ, ಎಣ್ಣೆ ಪ್ಯಾಕೆಟ್, ಔಷಧಿಯ ಖಾಲಿ ಪಟ್ಟಿ, ಹಳೇ ಸೆಲ್ಲು, ತೆಂಗಿನ ಕರಟ, ಪಿಜ್ಜಾ ಡಬ್ಬ, ಮಗುವಿನ ಡೈಪರ್ (ಹೊಸದೇ ಇರಲಿ). ಕರಪತ್ರವನ್ನು ಮೂವರಿಗೆ ಕೊಡಿ. ಒಬ್ಬರು ಮನೆಗೆಲಸಕ್ಕೆ ಹೋಗುವವರು, ಒಬ್ಬರು ಅರವತ್ತು ದಾಟಿದವರು, ಇನ್ನೊಬ್ಬರು ಕನ್ನಡ ಆಡಿದರೂ ಓದಲು ಬಾರದವರು. ಓದಿ, ಅಥವಾ ಚಿತ್ರ ನೋಡಿ, ಯಾವುದನ್ನು ಎಲ್ಲಿ ಹಾಕುತ್ತೀರಿ ಅನ್ನಿ. ನೀವು ಬಾಯಿ ಬಿಡಬಾರದು. ‘ಅದಲ್ಲಮ್ಮ, ಇದು’ ಎಂದು ಹೇಳಿಕೊಟ್ಟರೆ ಪರೀಕ್ಷೆ ಮುಗಿದಂತೆ.

ಸಾಮಾನ್ಯವಾಗಿ ಎಡವುವುದು ಎಣ್ಣೆ ಪ್ಯಾಕೆಟ್, ಕರಟ, ಪಿಜ್ಜಾ ಡಬ್ಬದಲ್ಲಿ. ಜಿಡ್ಡು ಹತ್ತಿದ ರಟ್ಟು ಕಾಗದದ ಗಿರಣಿಗೆ ಆಗುವುದಿಲ್ಲ. ಕರಟ ಕೊಳೆಯಲು ಬಹಳ ಕಾಲ ಬೇಕು, ಅದನ್ನು ಹಸಿಗೆ ಹಾಕಬೇಕೋ ಬೇರೆ ಇಡಬೇಕೋ ಎಂಬುದು ಆ ಊರಿನ ಘಟಕದ ಯಂತ್ರದ ಮೇಲೆ ಹೋಗುತ್ತದೆ. ಊಹಿಸಿ ಬರೆಯಬೇಡಿ, ಘಟಕದವರನ್ನೇ ಕೇಳಿ.

ಒಂದೇ ಕರಪತ್ರ ಎಲ್ಲ ಜಿಲ್ಲೆಗೂ ಆಗುತ್ತದೆಯೇ?

ಪೊರಕೆ, ಕಸಬರಿಗೆ, ಹಿಡಿಸೂಡಿ ಮೂರೂ ಕನ್ನಡವೇ. ಕರಟ ಕರಾವಳಿಗೆ ಹೋದರೆ ಗೆರಟೆ. ಹಾಗಾಗಿ ಪದ ಬದಲಿಸಬೇಕು, ಇಲ್ಲವೇ ಪಕ್ಕದಲ್ಲಿ ಚಿತ್ರ ಹಾಕಬೇಕು. ಗ್ರಾಮ ಪಂಚಾಯಿತಿಗೆ ಬರೆಯುವಾಗ ವ್ಯವಸ್ಥೆಯ ಹೆಸರುಗಳೂ ಬೇರೆ: ಅಲ್ಲಿ ಘಟಕ ‘ಸ್ವಚ್ಛ ಸಂಕೀರ್ಣ’, ಗಾಡಿ ‘ಸ್ವಚ್ಛ ವಾಹಿನಿ’. ಬಹಳ ಕಡೆ ಅದನ್ನು ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ‘ಡ್ರೈವರಣ್ಣನಿಗೆ ಕೊಡಿ’ ಎಂದು ಬೆಂಗಳೂರಿನ ಚೀಟಿಯನ್ನು ನಕಲು ಮಾಡಿದರೆ ಹಳ್ಳಿಯವರು ನಗುತ್ತಾರೆ.

ಬಣ್ಣದಲ್ಲೂ ಹುಷಾರು. ಬೆಂಗಳೂರಿನ ಮನೆಗಳಲ್ಲಿ ಕೆಂಪು ಡಬ್ಬ ಎಂದರೆ ಪ್ಯಾಡ್, ಡೈಪರಿನಂಥ ಕಸ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಕೆಂಪು ಚೀಲ ಬಳಸಿದ ಪ್ಲಾಸ್ಟಿಕ್ ಕೊಳವೆ, ಸೂಜಿ ತೆಗೆದ ಸಿರಿಂಜ್‌ಗಳಿಗೆ. ಸೂಜಿಗೆ ಬಿಳಿ ಡಬ್ಬ, ರಕ್ತ ಹತ್ತಿದ ಹತ್ತಿಗೆ ಹಳದಿ ಚೀಲ. ಅಪಾರ್ಟ್‌ಮೆಂಟಿನ ಕೆಳಗೇ ಒಂದು ಕ್ಲಿನಿಕ್ ಇದ್ದರೆ ಎರಡಕ್ಕೂ ಒಂದೇ ಭಿತ್ತಿಪತ್ರ ಅಂಟಿಸುವಂತಿಲ್ಲ.

ತಿಂಗಳ ವರದಿಯ ಅಂಕಿಗಳನ್ನು ನನಗೆ ಕೊಟ್ಟಿದ್ದಾರೆ. ಹಾಗೇ ಹಾಕಬಹುದೇ?

ಹಾಕಬೇಡಿ. ಇಂಟರ್ನ್‌ಗಳ ಹೆಚ್ಚಿನ ತಪ್ಪು ಇಲ್ಲೇ ಆಗುವುದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇವೆ.

ಅಂಕಿಯ ಬೇರು ವೇಬ್ರಿಜ್‌ನ (ಗಾಡಿ ಸಮೇತ ತೂಗುವ ತಕ್ಕಡಿಯ) ತೂಕದ ಚೀಟಿ. ಅದರಲ್ಲಿ ಮೂರು ಸಂಖ್ಯೆ ಇರುತ್ತವೆ: ಒಟ್ಟು ತೂಕ, ಖಾಲಿ ಗಾಡಿಯ ತೂಕ, ಇವೆರಡರ ವ್ಯತ್ಯಾಸವಾದ ನಿವ್ವಳ ತೂಕ. ಉದಾಹರಣೆಗೆ 2,340 ಕಿಲೋದಲ್ಲಿ 1,560 ಕಳೆದರೆ ಕಸ 780 ಕಿಲೋ. ಖಾಲಿ ಗಾಡಿಯನ್ನು ಪ್ರತಿ ಸಲ ತೂಗದೆ ಹಳೆಯ ಸಂಖ್ಯೆಯನ್ನೇ ಹಾಕುವುದು ರೂಢಿ. ನಡುವೆ ಗಾಡಿಗೆ ಕಬ್ಬಿಣದ ಕಟಕಟೆ ಕಟ್ಟಿಸಿದ್ದರೆ ಆ ಕಬ್ಬಿಣವೂ ದಿನಾ ಕಸದ ಲೆಕ್ಕಕ್ಕೆ ಸೇರುತ್ತದೆ. ಹತ್ತು ಚೀಟಿ ಎತ್ತಿಕೊಂಡು ಖಾಲಿ ತೂಕ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಎಲ್ಲದರಲ್ಲೂ ಕಿಲೋ ಕೂಡ ಬದಲಾಗದೆ ಒಂದೇ ಇದ್ದರೆ, ತೂಗಿಲ್ಲ ಅಂತ ಅರ್ಥ.

ಎರಡನೆಯದು ಎರಡೆರಡು ಸಲ ಎಣಿಸುವುದು. ಸೋಮವಾರ ಕೇಂದ್ರಕ್ಕೆ 800 ಕಿಲೋ ಒಣ ಕಸ ಬಂತು. ಶುಕ್ರವಾರ ಅದರಲ್ಲೇ 650 ಕಿಲೋ ಬೇಲ್ (ಒತ್ತಿ ಬಿಗಿದ ಮೂಟೆ) ಕಟ್ಟಿ ಗುಜರಿ ವ್ಯಾಪಾರಿಗೆ ಕಳಿಸಿದರು. ‘ವಾರದಲ್ಲಿ 1,450 ಕಿಲೋ ನಿರ್ವಹಣೆ’ ಎಂದು ಬರೆದರೆ ತಪ್ಪು. ಬಂದದ್ದು 800, ಹೋದದ್ದು 650, ಉಳಿದ 150 ಎಲ್ಲಿದೆ ಎಂದು ಕೇಳಬೇಕು. ಅದು ದಾಸ್ತಾನಿರಬಹುದು, ಚಿಪ್ಸ್ ಪೊಟ್ಟಣದಂಥ ಬಹುಪದರ ಪ್ಲಾಸ್ಟಿಕ್ ಇರಬಹುದು, ತೇವ ಆರಿದ ತೂಕವೂ ಇರಬಹುದು. ಈ ಪ್ರಶ್ನೆ ಕೇಳಿದ ಇಂಟರ್ನ್‌ನ ಮೇಲೆ ಲೆಕ್ಕದ ವಿಭಾಗದವರಿಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಗೌರವ.

ಮೂರನೆಯದು ಮಳೆ. ಜುಲೈ ತಿಂಗಳ ಕಸ ಏಪ್ರಿಲ್‌ಗಿಂತ ಹೆಚ್ಚು ತೂಗಿದರೆ ಜನ ಹೆಚ್ಚು ಕಸ ಹಾಕಿದರು ಎಂದಾಗುವುದಿಲ್ಲ, ಅದರಲ್ಲಿ ನೀರೂ ಇದೆ. ಹೋಲಿಸುವುದಾದರೆ ಹೋದ ವರ್ಷದ ಜುಲೈ ಜೊತೆ ಹೋಲಿಸಿ. ಗೊಬ್ಬರದ ಲೆಕ್ಕವೂ ಹೀಗೇ. ಹಸಿ ಕಸದ ಬಹುಪಾಲು ನೀರು. ಅದು ಆವಿಯಾಗಿ ಹೋದದ್ದನ್ನು ‘ನಾವು ಕಸ ಕಡಿಮೆ ಮಾಡಿದೆವು’ ಎಂದು ಸಾಧನೆಯ ಪಟ್ಟಿಗೆ ಸೇರಿಸಬಾರದು.

ಕೊನೆಗೆ ಶೇಕಡಾ. ‘ವಿಂಗಡಣೆ 40%ರಿಂದ 60%ಕ್ಕೆ ಏರಿದೆ’ ಎಂದಾಗ ಯಾವುದರ 60%? ವಾರ್ಡಿನ ಎಲ್ಲ ಮನೆಗಳದೋ, ಗಾಡಿ ಹೋದ ಮನೆಗಳದೋ, ಬಾಗಿಲು ತೆರೆದ ಮನೆಗಳದೋ? ಜೊತೆಗೆ ಇದು 20 ಶೇಕಡಾ ಅಂಶದ ಏರಿಕೆ. ‘20% ಏರಿಕೆ’ ಎಂದು ಬರೆದರೆ ಲೆಕ್ಕ ತಪ್ಪು, ಏಕೆಂದರೆ 40ಕ್ಕೆ ಹೋಲಿಸಿದರೆ ಏರಿದ್ದು 50%.

ಗಾಳಿ, ನೀರಿನ ಪರೀಕ್ಷಾ ವರದಿ ಓದುವಾಗ ಏನು ನೋಡಬೇಕು?

ಮೊದಲು ಏಕಮಾನ. ಗಾಳಿಯ ಪಿಎಂ 2.5ನ್ನು (ಅತಿ ಸಣ್ಣ ಧೂಳಿನ ಕಣಗಳನ್ನು) ಘನ ಮೀಟರಿಗೆ ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ. ಮೈಕ್ರೋ ಬದಲು ಮಿಲಿ ಎಂದು ಬರೆದರೆ ಸಾವಿರ ಪಟ್ಟು ತಪ್ಪು. ಭಾರತದ ಮಾನದಂಡದಲ್ಲಿ 24 ಗಂಟೆಯ ಸರಾಸರಿಗೆ ಮಿತಿ 60, ವರ್ಷದ ಸರಾಸರಿಗೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಯಾವುದಕ್ಕೆ ಹೋಲಿಸಿದಿರಿ ಎಂದು ಹೇಳದೆ ‘ಮಿತಿಗಿಂತ ಮೂರು ಪಟ್ಟು’ ಎಂದು ಬರೆಯುವಂತಿಲ್ಲ. ಒಂದು ಗಂಟೆಯ ಅಳತೆಯನ್ನು ವರ್ಷದ ಮಿತಿಗೆ ಹೋಲಿಸುವುದಂತೂ ಮೋಸ.

ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಬೇರೆ ಸಂಖ್ಯೆ. ಪಿಎಂ 2.5 ಒಂದನ್ನೇ ನೋಡಿದರೂ 45 ಮೈಕ್ರೋಗ್ರಾಂ ಇದ್ದಾಗ ಸೂಚ್ಯಂಕ ಸುಮಾರು 75 ಆಗುತ್ತದೆ. ಹಲವು ಮಾಲಿನ್ಯಕಾರಕಗಳಲ್ಲಿ ಯಾವುದರ ಸೂಚ್ಯಂಕ ಎಲ್ಲಕ್ಕಿಂತ ಕೆಟ್ಟದ್ದೋ ಅದೇ ಆ ಜಾಗದ ಎಕ್ಯೂಐ.

ಕುಡಿಯುವ ನೀರಿಗೆ ಐಎಸ್ 10500 ಎಂಬ ಭಾರತೀಯ ಮಾನದಂಡ ನೋಡಿ. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಒಟ್ಟು) ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 2,000ದವರೆಗೆ. ಫ್ಲೋರೈಡ್ 1.0, ಮೂಲ ಇಲ್ಲದಿದ್ದರೆ 1.5. ನೈಟ್ರೇಟ್ 45, ಇದಕ್ಕೆ ರಿಯಾಯಿತಿ ಇಲ್ಲ. ಟಿಡಿಎಸ್ ಕಡಿಮೆ ಇದ್ದ ಮಾತ್ರಕ್ಕೆ ನೀರು ಶುದ್ಧ ಎಂದು ಬರೆಯಬೇಡಿ, ಟಿಡಿಎಸ್ ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. ವರದಿಯಲ್ಲಿ ‘ಬಿಡಿಎಲ್’ ಎಂದಿದ್ದರೆ ಅದು ಸೊನ್ನೆಯಲ್ಲ, ಉಪಕರಣ ಹಿಡಿಯಬಲ್ಲ ಮಟ್ಟಕ್ಕಿಂತ ಕಡಿಮೆ ಎಂದಷ್ಟೇ. ಮಾದರಿ ತೆಗೆದ ದಿನ, ಜಾಗ, ಹೊತ್ತು ಇಲ್ಲದ ವರದಿಯಿಂದ ಒಂದು ಸಂಖ್ಯೆಯನ್ನೂ ಎತ್ತಿಕೊಳ್ಳಬೇಡಿ.

ನಿಯಮ, ಕಾಯ್ದೆಗಳ ಬಗ್ಗೆ ಬರೆಯುವಾಗ?

ದಿನಾಂಕ ಹಾಕಿ, ಹಳೆಯದನ್ನು ಹೊಸದು ಎಂದು ಬರೆಯಬೇಡಿ. 2016ರ ಘನತ್ಯಾಜ್ಯ ನಿಯಮದ ಜಾಗಕ್ಕೆ 2026ರ ನಿಯಮ ಬಂದಿದೆ, ಅದು ಆ ವರ್ಷದ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ನಾಲ್ಕು ಬಗೆ: ಹಸಿ, ಒಣ, ಸ್ಯಾನಿಟರಿ, ಮತ್ತು ಪೇಂಟ್ ಡಬ್ಬ–ಬಲ್ಬ್–ಔಷಧಿಯಂಥ ವಿಶೇಷ ಕಾಳಜಿಯ ಕಸ. ಕಚೇರಿಯ ಕಂಪ್ಯೂಟರಿನಲ್ಲಿರುವ ಹಳೆಯ ಕರಪತ್ರಗಳಲ್ಲಿ ಎರಡೋ ಮೂರೋ ಬಗೆ ಇರುತ್ತದೆ, ನಕಲು ಮಾಡುವ ಮುಂಚೆ ನೋಡಿ. ಪ್ಲಾಸ್ಟಿಕ್ ಕವರಿನ ದಪ್ಪವೂ ಹೀಗೇ: 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ಇದು ಕೇಂದ್ರದ ಕನಿಷ್ಠ ಮಿತಿ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿ ಪ್ರತ್ಯೇಕ ಅಧಿಸೂಚನೆ ಹೊರಡಿಸಿದೆ. ‘120 ಮೈಕ್ರಾನ್ ಮೇಲಿನದು ಬಳಸಬಹುದು’ ಎಂದು ಇಲ್ಲಿನ ಅಂಗಡಿಗಳಿಗೆ ಬರೆದರೆ ದಂಡ ಕಟ್ಟುವವರು ಅವರು, ಬೈಸಿಕೊಳ್ಳುವವರು ನೀವು.

ಪಾಲಿಕೆಯಿಂದ ಮಾಹಿತಿ ಹಕ್ಕಿನಲ್ಲಿ ಅಂಕಿ ಬೇಕಿದ್ದರೆ ಮೊದಲ ವಾರವೇ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಕುವ ಮುಂಚೆ ಮೇಲ್ವಿಚಾರಕರಿಗೆ ತಿಳಿಸಿ. ನಿಮ್ಮ ಸಂಸ್ಥೆ ಅದೇ ಪಾಲಿಕೆಯ ಗುತ್ತಿಗೆದಾರನಾಗಿದ್ದರೆ ಅರ್ಜಿಯಿಂದ ಇರಿಸುಮುರಿಸು ಆದೀತು.

‘ಪರಿಸರಸ್ನೇಹಿ’ ಎಂದು ಬರೆಯಲು ಹೇಳುತ್ತಾರೆ. ಬರೆಯಬಹುದೇ?

ಹೇಗೆ ಸ್ನೇಹಿ ಎಂದು ಮುಂದಿನ ಸಾಲಿನಲ್ಲೇ ಹೇಳಲಾಗುವುದಾದರೆ ಬರೆಯಿರಿ. ಆಧಾರವಿಲ್ಲದ ಹಸಿರು ಹೊಗಳಿಕೆಯ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತಂದಿದೆ. ‘ಕೊಳೆಯುವ ಪ್ಲಾಸ್ಟಿಕ್’ ಎಂಬ ಮಾತಿನಲ್ಲಿ ಇನ್ನೂ ಎಚ್ಚರ ಬೇಕು. ಗೊಬ್ಬರವಾಗುವ ಪ್ಲಾಸ್ಟಿಕ್‌ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಅದು ಕೊಳೆಯುವುದು ಕೈಗಾರಿಕಾ ಘಟಕದ ಬಿಸಿಯಲ್ಲಿ, ನಿಮ್ಮ ಬಾಲ್ಕನಿಯ ಮಡಕೆಯಲ್ಲಲ್ಲ.

ಗೊಬ್ಬರದ ಕೈಪಿಡಿ ಬರೆಯಲು ಹೇಳಿದ್ದಾರೆ. ನಾನು ಗೊಬ್ಬರ ಮಾಡಿಲ್ಲ.

ಹಾಗಾದರೆ ಇವತ್ತೇ ಒಂದು ಡಬ್ಬ ಶುರು ಮಾಡಿ, ಆರೇಳು ವಾರದಲ್ಲಿ ಒಂದು ಸುತ್ತು ನೋಡಿದಂತಾಗುತ್ತದೆ. ಕೈಪಿಡಿಯಲ್ಲಿ ‘ಸಾಕಷ್ಟು ಒಣ ಎಲೆ ಹಾಕಿ’ ಎಂಬಂಥ ಮಾತು ಬೇಡ. ಒಂದು ಡಬ್ಬ ಹಸಿ ಕಸಕ್ಕೆ ಅದೇ ಡಬ್ಬದಲ್ಲಿ ಒಂದರಿಂದ ಎರಡು ಡಬ್ಬ ಒಣ ಎಲೆ ಎಂದು ಅಳತೆ ಕೊಡಿ. ತೇವಕ್ಕೆ ಹಿಡಿ ಪರೀಕ್ಷೆ: ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಕೈಪಿಡಿಯ ಅರ್ಧ ಭಾಗ ‘ಏನು ಕೆಟ್ಟಿತು’ ಎಂಬುದಕ್ಕೇ ಇರಲಿ, ಜನ ಅದನ್ನು ತೆರೆಯುವುದೇ ನಾರಿದಾಗ. ಕೊಳೆತ ನಾತ ಬಂದರೆ ನೀರು ಹೆಚ್ಚಾಗಿ ಗಾಳಿ ಆಡುತ್ತಿಲ್ಲ, ಒಣ ಎಲೆ ಸೇರಿಸಿ ತಿರುವಿ ಹಾಕಬೇಕು. ಮೂಗಿಗೆ ಘಾಟು ಹೊಡೆದರೆ ಹಸಿಯೇ ಜಾಸ್ತಿ. ಇರುವೆ ಮುತ್ತಿದರೆ ಒಣಗಿದೆ, ನೀರು ಚಿಮುಕಿಸಿ.

ಯಂತ್ರಾನುವಾದ, ಎಐ ಬಳಸಬಹುದೇ?

ಕರಡಿಗೆ ಬಳಸಿದರೆ ಮೇಲ್ವಿಚಾರಕರಿಗೆ ಹೇಳಿ. ಸಾಲು ಸಾಲಾಗಿ ತಿದ್ದದೆ ಹೊರಗೆ ಬಿಡಬೇಡಿ. ಕೊಳಚೆ ನೀರು ಶುದ್ಧೀಕರಣ ಘಟಕ ಎಂಬುದು ‘ಕೊಳಚೆ ನೀರಿನ ಸಸ್ಯ’ ಆಗಿಬಿಡುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಗಿಡಕ್ಕೂ ಘಟಕಕ್ಕೂ ಪದ ಒಂದೇ. ಅಂಕಿ ಮತ್ತು ನಿಯಮದ ದಿನಾಂಕಗಳನ್ನು ಅದರಿಂದ ಯಾವತ್ತೂ ತೆಗೆದುಕೊಳ್ಳಬೇಡಿ.

ನುಡಿಯಲ್ಲಿ ಟೈಪ್ ಮಾಡಬೇಕೋ, ಯೂನಿಕೋಡ್‌ನಲ್ಲೋ?

ಯೂನಿಕೋಡ್‌ನಲ್ಲೇ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ (ಯೂನಿಕೋಡ್‌ಗೆ ಮುಂಚಿನ ಪದ್ಧತಿ) ಫಾಂಟಿನಲ್ಲಿ ಟೈಪ್ ಮಾಡಿದ್ದು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಆದರೆ ಊರಿನ ಮುದ್ರಣಾಲಯದವರು ಪೇಜ್‌ಮೇಕರಿನಲ್ಲಿ ಆಸ್ಕಿಯನ್ನೇ ಕೇಳಬಹುದು. ಆಗ ಪರಿವರ್ತಕದಿಂದ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಫಾಂಟಿನ ತಪ್ಪಲ್ಲ, ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಮುದ್ರಣಕ್ಕೆ ಪಿಡಿಎಫ್ ಕೊಡಿ, ವರ್ಡ್ ಫೈಲ್ ಅಲ್ಲ.

ಎಸ್‌ಎಂಎಸ್ ಬರೆಯುವಾಗ ಇನ್ನೊಂದು ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಆ 70ರಲ್ಲಿ ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ. ‘ಸ್ತ್ರೀ’ ನೋಡಲು ಒಂದೇ ಅಕ್ಷರ, ಎಣಿಕೆಯಲ್ಲಿ ಆರು. ‘ವಿಂಗಡಿಸಿ’ ಎಂಬುದು ಎಂಟು ತಿನ್ನುತ್ತದೆ. 71 ಆದರೆ ಎರಡು ಸಂದೇಶದ ದುಡ್ಡು, ಅದೂ ಸಾವಿರಾರು ಮನೆಗೆ.

ಫೋಟೋ ತೆಗೆಯಲು ಒಪ್ಪಿಗೆ ಬೇಕೇ?

ಬೇಕು. ಎಲ್ಲಿ ಬಳಸುತ್ತೀರಿ ಎಂದು ಹೇಳಿಯೇ ಕೇಳಿ. ‘ಆಫೀಸಿಗೆ’ ಎಂದು ತೆಗೆದು ಫೇಸ್‌ಬುಕ್‌ಗೆ ಹಾಕಬೇಡಿ. ತಾವು ಕಸದ ಕೆಲಸ ಮಾಡುವುದು ಊರಿನ ನೆಂಟರಿಗೆ ಗೊತ್ತಾಗುವುದು ಕೆಲವರಿಗೆ ಬೇಡ, ಅಂಥವರ ಕೈ, ಬೇಲ್, ತಕ್ಕಡಿ ತೆಗೆದರೆ ಸಾಕು. ಮಕ್ಕಳು ಕಂಡರೆ ಕ್ಯಾಮೆರಾ ಇಳಿಸಿ.

ಬರೆದದ್ದಕ್ಕೆ ನನ್ನ ಹೆಸರು ಇರುತ್ತದೆಯೇ?

ಕರಪತ್ರಕ್ಕೆ ಇರುವುದಿಲ್ಲ, ಲೇಖನಕ್ಕೆ ಕೇಳಿ ಪಡೆಯಬಹುದು. ಸಂಸ್ಥೆಗಾಗಿ ಬರೆದದ್ದರ ಹಕ್ಕು ಯಾರದು, ನಿಮ್ಮ ಮಾದರಿ ಸಂಗ್ರಹದಲ್ಲಿ ತೋರಿಸಬಹುದೇ ಎಂಬುದನ್ನು ಸೇರುವ ಪತ್ರದಲ್ಲೇ ಬರೆಸಿ. ಗ್ರಾಹಕರ ಹೆಸರು, ದರಪಟ್ಟಿ ಇರುವ ಕಾಗದವನ್ನು ಮಾತ್ರ ಯಾವ ಕಾರಣಕ್ಕೂ ಹೊರಗೆ ತೋರಿಸಬೇಡಿ.

ಕೊನೆಯ ವಾರ ಏನೇನು ಒಪ್ಪಿಸಬೇಕು?

ಕಾಲೇಜಿಗೆ ವರದಿ, ಹಾಜರಿ ಪುಸ್ತಕ, ಪ್ರಮಾಣಪತ್ರ. ವರದಿಯಲ್ಲಿ ಸಂಸ್ಥೆಯ ಇತಿಹಾಸಕ್ಕೆ ಹತ್ತು ಪುಟ ಕೊಡುವ ಚಾಳಿ ಬಿಡಿ. ಒಂದು ಕರಪತ್ರದ ಮೊದಲ ಕರಡು, ಎಂಟು ವಸ್ತುವಿನ ಪರೀಕ್ಷೆಯಲ್ಲಿ ಯಾರು ಎಲ್ಲಿ ಎಡವಿದರು, ಕೊನೆಯ ಪ್ರತಿ, ಈ ಮೂರನ್ನು ಪಕ್ಕಪಕ್ಕ ಇಟ್ಟರೆ ಮೌಲ್ಯಮಾಪಕರಿಗೆ ನಿಮ್ಮ ಕೆಲಸ ಕಾಣುತ್ತದೆ.

ಸಂಸ್ಥೆಗೆ ತಿದ್ದಲು ಬರುವ ಮೂಲ ಫೈಲುಗಳು, ಬಳಸಿದ ಫಾಂಟಿನ ಹೆಸರು, ಪ್ರತಿ ಅಂಕಿ ಯಾವ ಚೀಟಿಯಿಂದ ಬಂತು ಎಂಬ ಪಟ್ಟಿ, ಒಪ್ಪಿಗೆ ಪತ್ರಗಳು. ಕರಪತ್ರ ಅಚ್ಚಾಗಿ ಬಂದಾಗ ನಾಲ್ಕು ಪ್ರತಿ ಎತ್ತಿಕೊಂಡು, ನೀವು ಟೀ ಹೊತ್ತಿನಲ್ಲಿ ಮಾತಾಡಿಸಿದ ವಿಂಗಡಣೆ ಕೇಂದ್ರಕ್ಕೆ ಕೊಟ್ಟು ಬನ್ನಿ. ಉಳಿದ ತಪ್ಪುಗಳನ್ನು ಅಲ್ಲಿನ ಅಕ್ಕಂದಿರು ನಿಂತಲ್ಲೇ ತೋರಿಸುತ್ತಾರೆ, ಎರಡನೇ ಮುದ್ರಣಕ್ಕೆ ಬರೆದುಕೊಂಡು ಬನ್ನಿ.